ಸೊಪ್ಪಿನ ಬೆಟ್ಟ ಉಳಿಸಿದ್ದಕ್ಕೆ ದುಡ್ಡು ಕೊಡುತ್ತೇವೆ ಎನ್ನುತ್ತಿದ್ದಾರೆ, ಸಹಿ ಹಾಕಬಹುದಾ?

ತೋಟಿಗ_ಶಿರಸಿ

ಎಲ್ಲರಿಗೂ ನಮಸ್ಕಾರ. ಕಾಡು, ನೀರು, ಜಮೀನಿನ ಕಾನೂನು ಗೊತ್ತಿರುವವರು ಇಲ್ಲಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿ. ಅಡಿಕೆ ತೋಟ ಇದೆ, ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ ಇದೆ. ಬಯಲುಸೀಮೆಯವರಿಗೆ ಇದು ಹೊಸದಿರಬಹುದು. ಉತ್ತರ ಕನ್ನಡದ ಘಟ್ಟದ ಮೇಲೆ ಬ್ರಿಟಿಷರ ಕಾಲದಿಂದ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಇದೆ. ಅಲ್ಲಿ ಹಸಿಸೊಪ್ಪು ಕಡಿಯಬಹುದು, ದರಕು (ಉದುರಿದ ಒಣ ಎಲೆ) ಗುಡಿಸಬಹುದು, ಕರಡ (ಬೆಟ್ಟದ ಹುಲ್ಲು) ಕೊಯ್ಯಬಹುದು, ಒಣಕಟ್ಟಿಗೆ ತರಬಹುದು. ಸೊಪ್ಪು ಕೊಟ್ಟಿಗೆಗೆ ಹೋಗಿ ಗೊಬ್ಬರವಾಗುತ್ತದೆ, ಗೊಬ್ಬರ ತೋಟಕ್ಕೆ ಹೋಗುತ್ತದೆ, ಅಡಿಕೆ ಬುಡಕ್ಕೆ ಸೊಪ್ಪಿನ ಹೊದಿಕೆಯೂ ಆಗುತ್ತದೆ.

ಈಗ ವಿಷಯ. ನಮ್ಮೂರಿಗೆ ಒಂದು ಕಂಪನಿಯವರು ಬಂದು ಮೀಟಿಂಗ್ ಮಾಡಿದರು. ಕಾಡು ಇಂಗಾಲ ಹಿಡಿದಿಡುತ್ತದೆ, ನೀರು ಇಂಗಿಸುತ್ತದೆ, ಜೇನಿಗೆ ಹಕ್ಕಿಗೆ ಜಾಗ ಕೊಡುತ್ತದೆ, ಇದಕ್ಕೆಲ್ಲ 'ಪರಿಸರ ಸೇವೆ' ಎನ್ನುತ್ತಾರೆ, ಆ ಸೇವೆಗೆ ವಿದೇಶದಲ್ಲಿ ಕೊಳ್ಳುವವರಿದ್ದಾರೆ, ನೀವು ಬೆಟ್ಟ ಕಡಿಯದೆ ಇಟ್ಟರೆ ವರ್ಷಾ ವರ್ಷಾ ದುಡ್ಡು ಬರುತ್ತದೆ ಎಂದರು. 40 ವರ್ಷದ ಒಪ್ಪಂದ. ಪಹಣಿ, ಆಧಾರ್ ಜೆರಾಕ್ಸ್ ಮತ್ತು ಸಹಿ ಬೇಕಂತೆ. ಎಕರೆಗೆ ಎಷ್ಟು ಎಂದು ಕೇಳಿದರೆ 'ಮಾರ್ಕೆಟ್ ನೋಡಿ' ಎನ್ನುತ್ತಾರೆ.

ಮನೆಯಲ್ಲಿ ಎರಡು ಅಭಿಪ್ರಾಯ ಇದೆ. ಚಿಕ್ಕಪ್ಪ ಹೇಳುವುದು, ಸುತ್ತಮುತ್ತ ಎಲ್ಲರೂ ಬೆಟ್ಟದಲ್ಲೂ ಅಡಿಕೆ ಹಾಕುತ್ತಿದ್ದಾರೆ, ಕಾಡು ಇಟ್ಟುಕೊಂಡು ನಮಗೇನು ಬಂತು ಅಂತ. ಅಪ್ಪ ಮಾತ್ರ ಒಪ್ಪುವುದಿಲ್ಲ. ತೋಟಕ್ಕೆ ಬರುವ ಅಬ್ಬಿನೀರು ಆ ಬೆಟ್ಟದ್ದೇ, ಬೆಟ್ಟ ಬೋಳಿಸಿದರೆ ತೋಟವೂ ಉಳಿಯುವುದಿಲ್ಲ ಎನ್ನುತ್ತಾರೆ. ನನಗೆ ಅಪ್ಪನ ಮಾತೇ ಸರಿ ಎನಿಸುತ್ತದೆ. ಆದರೆ ಚಿಕ್ಕಪ್ಪ ಕೇಳುವ ಪ್ರಶ್ನೆಗೂ ಯಾರಾದರೂ ಉತ್ತರ ಕೊಡಬೇಕಲ್ವಾ? ನಮ್ಮ ಹಳ್ಳದ ನೀರು ಅಘನಾಶಿನಿಗೆ ಸೇರುತ್ತದೆ. ಕೆಳಗೆ ಕುಮಟಾದವರೆಗೆ ಎಷ್ಟೋ ಜನ ಆ ನೀರಿನಿಂದ ಬದುಕುತ್ತಾರೆ. ಬೆಟ್ಟ ಕಾಯುವ ಖರ್ಚು ನಮ್ಮದು, ಲಾಭ ಎಲ್ಲರದ್ದು. ಇದಕ್ಕೆ ನಿಜವಾಗಿ ಯಾರಾದರೂ ದುಡ್ಡು ಕೊಡುವ ವ್ಯವಸ್ಥೆ ಎಲ್ಲಾದರೂ ಇದೆಯಾ? ಈ ಕಂಪನಿಗೆ ಸಹಿ ಹಾಕಬಹುದಾ?

ಹಾಡಿಮನೆ

ಸದ್ಯಕ್ಕೆ ಸಹಿ ಹಾಕಬೇಡಿ. ಮೊದಲು ನಿಮ್ಮ ಪಹಣಿ ತೆಗೆದು ಬೆಟ್ಟದ ಸರ್ವೆ ನಂಬರಿನಲ್ಲಿ ಮಾಲೀಕರ ಕಲಂ ನೋಡಿ. ಸೊಪ್ಪಿನ ಬೆಟ್ಟ ನಿಮ್ಮ ಸ್ವಂತ ಜಮೀನಲ್ಲ, ಅದು ಸರ್ಕಾರದ್ದು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 79ನೇ ಕಲಂ ತೆಗೆದು ಓದಿ. ಕುಮ್ಕಿ, ಬಾಣೆ, ಕಾನೆ, ಬೆಟ್ಟ, ಹಾಡಿ, ಜಮ್ಮಾ ಇವೆಲ್ಲ ಅಲ್ಲೇ ಬರುತ್ತವೆ. ಅಲ್ಲಿ ನಿಮಗೆ ಇರುವುದು ಸವಲತ್ತು, ಒಡೆತನ ಅಲ್ಲ. ಸೊಪ್ಪು ತರುವ ಸವಲತ್ತು ಇಟ್ಟುಕೊಂಡು ಇಂಗಾಲ ಮಾರುವುದು ಹೇಗೆ? ನಾಳೆ ಅರಣ್ಯ ಇಲಾಖೆ ಕೇಳಿದರೆ ಕಂಪನಿಯವರು ಬಂದು ನಿಲ್ಲುವುದಿಲ್ಲ, ಕಾಗದದಲ್ಲಿ ಸಹಿ ಇರುವುದು ನಿಮ್ಮದು.

ಇನ್ನೊಂದು ವಿಷಯ. 'ಕಡಿಯದೆ ಇಡಬೇಕು' ಎಂದು ಅವರು ಹೇಳಿದ್ದರಲ್ಲಿ ಸೊಪ್ಪು ಕಡಿಯುವುದೂ ಸೇರುತ್ತದಾ? ಸೇರಿದರೆ 40 ವರ್ಷ ನಿಮ್ಮ ತೋಟಕ್ಕೆ ಸೊಪ್ಪು ಎಲ್ಲಿಂದ? ಮೂರು ತಲೆಮಾರು ಉಳಿಸಿಕೊಂಡು ಬಂದ ಸವಲತ್ತನ್ನು ನೀವೇ ಬರೆದುಕೊಟ್ಟಂತೆ ಆಗುತ್ತದೆ. ಅದರಿಂದ ಏನು ಬರುತ್ತದೆ ಎಂಬುದೂ ಗೊತ್ತಿಲ್ಲ. ಒಪ್ಪಂದ ಕನ್ನಡದಲ್ಲಿ ಇದೆಯಾ? ಇಲ್ಲದಿದ್ದರೆ ಅಷ್ಟಕ್ಕೇ ಬೇಡ ಎನ್ನಬಹುದು.

ಮಳೆಲೆಕ್ಕ

ನಾನು ನೀರಿನ ಮೇಲೆ ಕೆಲಸ ಮಾಡುವವಳು. ಕಾನೂನು ಹಾಡಿಮನೆಯವರು ಹೇಳಿದ್ದಾರೆ, ನಾನು ನಿಮ್ಮ ತಂದೆ ಹೇಳಿದ ಅಬ್ಬಿನೀರಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ಈ ಇಡೀ ಮಾತಿನಲ್ಲಿ ಅದೇ ಗಟ್ಟಿ ವಿಷಯ.

ಕಾಡು ನೀರನ್ನು ಹುಟ್ಟಿಸುವುದಿಲ್ಲ. ಮರಗಳು ನೀರು ಕುಡಿಯುತ್ತವೆ, ಚೆನ್ನಾಗಿಯೇ ಕುಡಿಯುತ್ತವೆ. ಆದರೆ ಕಾಡಿನ ಮಣ್ಣು ಸಡಿಲವಾಗಿರುತ್ತದೆ. ಬೇರು, ಎರೆಹುಳು, ಗೆದ್ದಲು, ಕೊಳೆತ ದರಕು ಎಲ್ಲ ಸೇರಿ ನೀರು ಒಳಗಿಳಿಯಲು ದಾರಿ ಮಾಡಿರುತ್ತವೆ. ನಿಮ್ಮ ಕಡೆ ವರ್ಷದ ಮಳೆಯಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ಆ ನಾಲ್ಕು ತಿಂಗಳು ನೀರು ಇಂಗಿತಾ ಅಥವಾ ಕೆಮ್ಮಣ್ಣು ಹೊತ್ತುಕೊಂಡು ಓಡಿಹೋಯಿತಾ ಎಂಬುದರ ಮೇಲೆ ಮಾರ್ಚ್, ಏಪ್ರಿಲ್‌ನ ಹಳ್ಳ ನಿಂತಿರುತ್ತದೆ. ಹಾಗಾಗಿ ಲೆಕ್ಕ ಎರಡು ಕಡೆ ಇದೆ. ಮರ ಕುಡಿದದ್ದು ಎಷ್ಟು, ಮಣ್ಣು ಇಂಗಿಸಿಕೊಂಡದ್ದು ಎಷ್ಟು. ಇಂಗಿದ್ದು ಜಾಸ್ತಿಯಾದರೆ ಬೇಸಿಗೆಗೆ ಲಾಭ, ಇಲ್ಲವಾದರೆ ಇಲ್ಲ.

ನಿಮ್ಮ ಜಿಲ್ಲೆಯಲ್ಲೇ ಇದನ್ನು ಅಳೆದಿದ್ದಾರೆ. ಜಗದೀಶ್ ಕೃಷ್ಣಸ್ವಾಮಿ ಮತ್ತು ಜೊತೆಗಾರರು ಉತ್ತರ ಕನ್ನಡದ ಸಣ್ಣ ಸಣ್ಣ ಹಳ್ಳಗಳನ್ನು ಆರಿಸಿಕೊಂಡು ಸಹಜ ಕಾಡು, ಅಕೇಶಿಯಾ ನೆಡುತೋಪು, ಬಳಸಿ ಬಳಸಿ ಸೊರಗಿದ ಜಾಗ, ಹೀಗೆ ಮೂರು ಬಗೆಯ ಜಾಗದಲ್ಲಿ ಮಳೆ ಮತ್ತು ಹರಿವನ್ನು ಹೋಲಿಸಿ ನೋಡಿದರು. ಸಹಜ ಕಾಡಿನ ಹಳ್ಳದಲ್ಲಿ ಮಳೆ ಬಂದ ಕೂಡಲೇ ಓಡುವ ನೀರಿನ ಪಾಲು ಕಡಿಮೆ, ಇಂಗಿ ನಿಧಾನವಾಗಿ ಬರುವ ನೀರಿನ ಪಾಲು ಜಾಸ್ತಿ. ಅಕೇಶಿಯಾ ಹಸಿರಾಗಿ ಕಂಡರೂ ಅದರ ಕೆಳಗಿನ ಮಣ್ಣು ಸಹಜ ಕಾಡಿನ ಮಣ್ಣಿನಷ್ಟು ನೀರು ಇಳಿಸಿಕೊಳ್ಳಲಿಲ್ಲ. ದೂರದಿಂದ ತೆಗೆದ ಉಪಗ್ರಹದ ಚಿತ್ರದಲ್ಲಿ ಎರಡೂ ಹಸಿರೇ. ಹಳ್ಳದಲ್ಲಿ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಸೊಪ್ಪಿನ ಬೆಟ್ಟ ಇವುಗಳ ನಡುವೆ ಎಲ್ಲೋ ಇರುತ್ತದೆ. ಮತ್ತಿ, ಹೊನ್ನೆ, ಕಿಂದಳ, ನಂದಿ ಇವೆಲ್ಲ ಇದ್ದು, ಸರದಿಯ ಮೇಲೆ ಸೊಪ್ಪು ಕಡಿದು, ನೆಲದಲ್ಲಿ ಸ್ವಲ್ಪವಾದರೂ ದರಕು ಉಳಿಸಿದ್ದರೆ ಅದು ಕಾಡಿಗೆ ಹತ್ತಿರ. ವರ್ಷಾ ವರ್ಷಾ ತುದಿವರೆಗೆ ಸವರಿ ನೆಲ ಗುಡಿಸಿ ನುಣ್ಣಗೆ ಮಾಡಿದ್ದರೆ ಮಳೆ ನೇರ ಮಣ್ಣಿಗೆ ಬಡಿಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ಆಗ ಹೆಸರಿಗೆ ಬೆಟ್ಟ ಅಷ್ಟೇ. ನಿಮ್ಮದು ಹೇಗಿದೆ?

ತೋಟಿಗ_ಶಿರಸಿ

ಮೇಡಂ, ಮೇಲಿನ ಅರ್ಧ ಚೆನ್ನಾಗಿದೆ. ಉಪ್ಪಾಗೆ, ಮುರುಗಲು, ದಾಲ್ಚಿನ್ನಿ ಎಲ್ಲ ಇದೆ, ಹಳ್ಳದ ದಂಡೆಗೆ ಅಪ್ಪೆಮಿಡಿ ಮರವೂ ಇದೆ. ಕೆಳಗಿನ ಅರ್ಧ, ರಸ್ತೆಗೆ ಹತ್ತಿರ ಇರುವುದು, ಬಡವಾಗಿದೆ. ಕಂಪನಿಯವರು ನೋಡಿ ಖುಷಿಪಟ್ಟದ್ದು ಆ ಬಡವಾದ ಜಾಗವನ್ನು. ಮೇಲಿನದನ್ನು ನೋಡಲೇ ಇಲ್ಲ. ನನಗೆ ಅದು ವಿಚಿತ್ರ ಎನಿಸಿತು.

ಲೆಕ್ಕದಪುಸ್ತಕ

ಅದಕ್ಕೆ ಕಾರಣ ಇದೆ. ಇಂಗಾಲದ ಮಾರುಕಟ್ಟೆಯಲ್ಲಿ ದುಡ್ಡು ಬರುವುದು ಇರುವ ಕಾಡಿಗೆ ಅಲ್ಲ, 'ನಿಮ್ಮ ಯೋಜನೆಯಿಂದ ಹೊಸದಾಗಿ ಆದ' ವ್ಯತ್ಯಾಸಕ್ಕೆ. ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಮೊದಲು ಒಂದು ಲೆಕ್ಕ ಹಾಕುತ್ತಾರೆ, ಯೋಜನೆ ಬಂದಮೇಲೆ ಎಷ್ಟು ಇಂಗಾಲ ಸೇರಿತು ಎಂದು ಇನ್ನೊಂದು ಲೆಕ್ಕ ಹಾಕುತ್ತಾರೆ, ಎರಡರ ನಡುವಿನ ಅಂತರವನ್ನು ಮಾರುತ್ತಾರೆ. ನಿಮ್ಮ ಅಜ್ಜನ ಕಾಲದಿಂದ ಚೆನ್ನಾಗಿ ಉಳಿದ ಮೇಲಿನ ಬೆಟ್ಟದಲ್ಲಿ ಆ ಅಂತರ ಹೆಚ್ಚುಕಡಿಮೆ ಸೊನ್ನೆ. ಬೋಳಾದ ಜಾಗದಲ್ಲಿ ಗಿಡ ಬೆಳೆದರೆ ಅಂತರ ದೊಡ್ಡದು. ಅಂದರೆ ಕಾಪಾಡಿದವನಿಗೆ ಏನೂ ಇಲ್ಲ, ಹಾಳು ಮಾಡಿಕೊಂಡವನಿಗೆ ದುಡ್ಡು. ಇದು ಈ ಮಾರುಕಟ್ಟೆಯ ಲೆಕ್ಕದೊಳಗೇ ಇರುವ ಅನ್ಯಾಯ, ಒಂದು ಕಂಪನಿಯ ತಪ್ಪಲ್ಲ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ, ಉದ್ದ ಆಗುತ್ತದೆ, ಸಹಿಸಿಕೊಳ್ಳಿ. 'ಪರಿಸರ ಸೇವೆ' ಎಂಬ ಮಾತು ಹೆಚ್ಚು ಜನರಿಗೆ ತಲುಪಿದ್ದು 1997ರಲ್ಲಿ. ರಾಬರ್ಟ್ ಕೊಸ್ಟಾನ್ಸಾ ಮತ್ತು ಜೊತೆಗಾರರು ಇಡೀ ಭೂಮಿಯ ನಿಸರ್ಗ ವರ್ಷಕ್ಕೆ ಸುಮಾರು 33 ಲಕ್ಷ ಕೋಟಿ ಡಾಲರ್ ಬೆಲೆಯ ಕೆಲಸ ಮಾಡುತ್ತದೆ ಎಂದು ಲೆಕ್ಕ ಕೊಟ್ಟರು. ಆಗ ಜಗತ್ತಿನ ಎಲ್ಲ ದೇಶಗಳ ಒಟ್ಟು ಉತ್ಪನ್ನಕ್ಕಿಂತ ಅದು ಜಾಸ್ತಿ. ಬಹಳ ಅರ್ಥಶಾಸ್ತ್ರಜ್ಞರು ಒಪ್ಪಲಿಲ್ಲ. ಜಗತ್ತಿನ ಕೈಯಲ್ಲಿ ಇಲ್ಲದಷ್ಟು ದುಡ್ಡನ್ನು ಯಾರು ಕೊಡುತ್ತಾರೆ ಎಂದು ಕೇಳಿದರು. ಆಮೇಲೆ 2005ರಲ್ಲಿ ವಿಶ್ವಸಂಸ್ಥೆಯ ಕರೆಯ ಮೇಲೆ ನಡೆದ ಸಹಸ್ರಮಾನದ ಪರಿಸರ ಮೌಲ್ಯಮಾಪನ ಬಂತು. ಅದರಲ್ಲಿ ಪರೀಕ್ಷಿಸಿದ 24 ಸೇವೆಗಳಲ್ಲಿ 15 ಕುಸಿಯುತ್ತಿವೆ ಎಂದು ಸುಮಾರು 1,300 ತಜ್ಞರು ಸೇರಿ ಬರೆದರು. ನನ್ನ ಅಭಿಪ್ರಾಯದಲ್ಲಿ ಡಾಲರಿನ ಲೆಕ್ಕಕ್ಕಿಂತ ಇದೇ ಹೆಚ್ಚು ಉಪಯೋಗದ್ದು.

ದುಡ್ಡು ಕೊಡುವ ವ್ಯವಸ್ಥೆ ಎಲ್ಲಾದರೂ ಇದೆಯಾ ಎಂದಿರಿ. ಇದೆ. ಕೋಸ್ಟರಿಕಾ 1996ರಲ್ಲಿ ಅರಣ್ಯ ಕಾನೂನು ತಂದು, ಕಾಡು ಉಳಿಸಿದ ಜಮೀನಿನವರಿಗೆ ಇಂಗಾಲ, ನೀರು, ಜೀವವೈವಿಧ್ಯ, ಸೊಬಗು ಈ ನಾಲ್ಕಕ್ಕೆ ಹಣ ಕೊಡಲು ಶುರು ಮಾಡಿತು. ಹಣದ ದೊಡ್ಡ ಪಾಲು ಬಂದದ್ದು ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆಯಿಂದ. ಅಲ್ಲಿ 1980ರ ದಶಕದಲ್ಲಿ ತುಂಬಾ ಕುಸಿದಿದ್ದ ಕಾಡು ಈಗ ದೇಶದ ಅರ್ಧಕ್ಕಿಂತ ಜಾಸ್ತಿ ಇದೆ. ಆದರೆ ಎರಡು ವಿಷಯ ಮರೆಯಬಾರದು. ಅದೇ ಕಾನೂನು ಸಹಜ ಕಾಡನ್ನು ಕಡಿದು ಬೇರೆ ಬಳಕೆಗೆ ತರುವುದನ್ನು ನಿಷೇಧಿಸಿತ್ತು, ಕಾಡು ಉಳಿದದ್ದು ನಿಷೇಧದಿಂದಲೋ ಹಣದಿಂದಲೋ ಎಂದು ಸಂಶೋಧಕರು ಇವತ್ತಿಗೂ ವಾದಿಸುತ್ತಾರೆ. ಮತ್ತೆ, ಶುರುವಿನಲ್ಲಿ ಜಮೀನಿನ ಹಕ್ಕುಪತ್ರ ಇದ್ದವರಿಗಷ್ಟೇ ಹಣ ಸಿಕ್ಕಿತು. ಪತ್ರ ಇಲ್ಲದ ಸಣ್ಣ ರೈತರು ಹೊರಗುಳಿದರು. ನಿಮ್ಮ ಬೆಟ್ಟದ ಕಥೆಗೆ ಇದು ನೇರ ಸಂಬಂಧ.

ನ್ಯೂಯಾರ್ಕ್ ನಗರದ್ದು ಬೇರೆ ದಾರಿ. ಅದರ ನೀರು ಬರುವುದು ಕ್ಯಾಟ್‌ಸ್ಕಿಲ್ ಬೆಟ್ಟಗಳಿಂದ. ನೀರು ಶುದ್ಧ ಮಾಡುವ ಘಟಕ ಕಟ್ಟಿದ್ದರೆ 600ರಿಂದ 800 ಕೋಟಿ ಡಾಲರ್ ಬೇಕಿತ್ತು. ಅದರ ಬದಲು 1997ರಲ್ಲಿ ಮೇಲಿನ ಊರುಗಳ ಜೊತೆ ಒಪ್ಪಂದ ಮಾಡಿಕೊಂಡು ಸುಮಾರು 150 ಕೋಟಿ ಡಾಲರ್ ಹಾಕಿತು. ಆ ದುಡ್ಡಿನಲ್ಲಿ ರೈತರ ಸಗಣಿ ಗುಂಡಿ ಸರಿಮಾಡಿಸಿದರು, ಮನೆಗಳ ಶೌಚಗುಂಡಿ ಸರಿಮಾಡಿಸಿದರು, ಮಾರಲು ಒಪ್ಪಿದವರಿಂದ ಜಮೀನು ಕೊಂಡರು. ಒಪ್ಪದವರಿಂದ ಕಿತ್ತುಕೊಳ್ಳಲಿಲ್ಲ. ನಮ್ಮ ದೇಶದಲ್ಲಿ ಹಿಮಾಚಲದ ಪಾಲಂಪುರ ನೋಡಿ. ಅಲ್ಲಿನ ಪುರಸಭೆ ಬೋಹಲ್ ಎಂಬ ಒರತೆಯ ಮೇಲಿನ ಕಾಡನ್ನು ಕಾಯುವ ಹಳ್ಳಿಗರ ಸಂಘಕ್ಕೆ ವರ್ಷಕ್ಕೆ 10,000 ರೂಪಾಯಿ ಕೊಡಲು 2010ರಲ್ಲಿ ಒಪ್ಪಿಕೊಂಡಿತು. ಮೊತ್ತ ತೀರಾ ಚಿಕ್ಕದು. ಆದರೆ ನೀರು ಕುಡಿಯುವವರು ಯಾರು, ಕಾಯುವವರು ಯಾರು ಎಂದು ಎರಡೂ ಕಡೆಯವರು ಒಂದೇ ಕಾಗದದಲ್ಲಿ ಬರೆದುಕೊಂಡರಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ನಿಮ್ಮ ಕಂಪನಿಯ ಒಪ್ಪಂದದಲ್ಲಿ ಕೊಳ್ಳುವವನ ಹೆಸರಾದರೂ ಇದೆಯಾ?

ಕೆರೆಯಂಚು

ನಾನು ಗುಂಡ್ಲುಪೇಟೆ ಕಡೆಯವನು. ಮಲೆನಾಡಿನವರು ಕಾಡು ಉಳಿಸಿದರೆ ಎಲ್ಲರಿಗೂ ನೀರು ಎನ್ನುತ್ತೀರಿ. ನಮ್ಮಲ್ಲಿ ಹಿರಿಯರು ಹೇಳುವುದು ಬೇರೆ. ಬಂಡೀಪುರದ ಅಂಚಿನಲ್ಲಿ ಕುರುಚಲು ಇದ್ದಾಗ ಒಂದು ಜೋರು ಮಳೆಗೆ ಕೆರೆ ತುಂಬುತ್ತಿತ್ತು, ಈಗ ಪೊದೆ ಬೆಳೆದು ನೀರೇ ಇಳಿದು ಬರುವುದಿಲ್ಲ ಅಂತ. ಇದು ಸುಮ್ನೆ ಹೇಳುವ ಮಾತಾ, ನಿಜವಾ?

ಮಳೆಲೆಕ್ಕ

ಕೆರೆಯಂಚು ಅವರೇ, ನಿಮ್ಮ ಹಿರಿಯರ ಮಾತಿಗೆ ಆಧಾರ ಇದೆ. ಶರಚ್ಚಂದ್ರ ಲೇಲೆ ಮತ್ತು ಸಂಗಡಿಗರು ಬಂಡೀಪುರದ ಅಂಚಿನ ಒಂದು ಕೆರೆಯೂರಿನಲ್ಲಿ ಇದನ್ನೇ ನೋಡಿದರು. ಮೇಲಿನ ಕಾಡು ದಟ್ಟವಾದರೆ ಹರಿದು ಬರುವ ನೀರು ಕಡಿಮೆಯಾಗುತ್ತದೆ, ಕೆರೆ ತುಂಬುವುದು ಕಡಿಮೆಯಾಗುತ್ತದೆ, ಅಚ್ಚುಕಟ್ಟಿನ ರೈತರಿಗೂ ಅಲ್ಲಿ ಕೂಲಿ ಮಾಡುವವರಿಗೂ ಆದಾಯ ಇಳಿಯುತ್ತದೆ ಎಂದು ಅವರ ಲೆಕ್ಕ ತೋರಿಸಿತು. ನಿಮ್ಮದು ಮಳೆ ಕಡಿಮೆ ಇರುವ ಜಾಗ, ಬದುಕು ನಿಂತಿರುವುದು ಕೆರೆಗೆ ಓಡಿಬರುವ ನೀರಿನ ಮೇಲೆ. ಶಿರಸಿಯಲ್ಲಿ ಮಳೆ ಜಾಸ್ತಿ, ಬದುಕು ನಿಂತಿರುವುದು ಇಂಗಿ ನಿಧಾನವಾಗಿ ಬರುವ ನೀರಿನ ಮೇಲೆ. ಕಾಡು ಎರಡೂ ಕಡೆ ಅದೇ ಕೆಲಸ ಮಾಡುತ್ತದೆ, ಒಂದು ಕಡೆ ಅದು ಲಾಭ, ಇನ್ನೊಂದು ಕಡೆ ಅದೇ ನಷ್ಟ.

ಇದರ ಅರ್ಥ ಬಂಡೀಪುರ ಕಡಿಯಬೇಕು ಎಂದಲ್ಲ, ದಯವಿಟ್ಟು ಹಾಗೆ ಓದಬೇಡಿ. ಆ ಕಾಡಿಗೆ ಹುಲಿ, ಆನೆ, ಹುಲ್ಲು, ಮಣ್ಣು ಎಂದು ಬೇರೆ ಕಾರಣಗಳು ಸಾಕಷ್ಟಿವೆ. ಆದರೆ ಆ ಕಾರಣಕ್ಕೆ ಉಳಿಸುವಾಗ ಕೆರೆಯ ರೈತನಿಗೆ ಆಗುವ ನಷ್ಟವನ್ನು ಮುಚ್ಚಿಟ್ಟು 'ನಿನಗೂ ನೀರು ಬರುತ್ತದೆ' ಎಂದು ಹೇಳುವುದು ತಪ್ಪು. ಪರಿಸರ ಸೇವೆಯ ಸಂಶೋಧನೆಯಲ್ಲಿ ನನಗೆ ಬೇಕಾದ ಮೊದಲ ಪ್ರಶ್ನೆ ಇದು: ಯಾರಿಗೆ ಸೇವೆ? ಒಟ್ಟು ಬೆಲೆ ಎಷ್ಟು ಎಂಬುದು ಆಮೇಲೆ.

ಹಾಡಿಮನೆ

ಒಟ್ಟು ಬೆಲೆಯ ಮಾತು ಬಂದಿದ್ದಕ್ಕೆ ಇದನ್ನು ಹೇಳಲೇಬೇಕು. ನಮ್ಮ ಜಿಲ್ಲೆಯಲ್ಲಿ ಕಾಡಿಗೆ ಬೆಲೆ ಕಟ್ಟಿದ್ದು ಇದೇ ಮೊದಲಲ್ಲ. 1950ರ ದಶಕದ ಕೊನೆಯಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಸರ್ಕಾರ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಅದೇ ಬಿದಿರಿಗೆ ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ಎಷ್ಟೋ ನೂರು ಪಟ್ಟು ಕೊಡಬೇಕಿತ್ತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇದನ್ನು ಮತ್ತೆ ಮತ್ತೆ ಬರೆದಿದ್ದಾರೆ. ಬೆಲೆ ಕಟ್ಟುವವರು ಯಾರು ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ.

ಈಗಿನದ್ದೂ ನೋಡಿ. ಗಣಿಗೋ ಅಣೆಕಟ್ಟಿಗೋ ಕಾಡು ಕೊಟ್ಟರೆ ಅದರ ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಕಳೆದುಹೋಗುವ ಕಾಡಿನ ಸೇವೆಗೆ ಕಟ್ಟಿದ ಬೆಲೆ, ಎಂದು ಕಂಪನಿ ಕಟ್ಟಬೇಕು. ಸುಪ್ರೀಂ ಕೋರ್ಟಿನ ಗೋದಾವರ್ಮನ್ ಮೊಕದ್ದಮೆಯಿಂದ ಬಂದ ಪದ್ಧತಿ ಇದು. 2022ರಲ್ಲಿ ದರ ಏರಿಸಿದರು, ಈಗ ಹೆಕ್ಟೇರಿಗೆ ಕಾಡಿನ ಬಗೆ ನೋಡಿಕೊಂಡು ಸುಮಾರು 9.6 ಲಕ್ಷದಿಂದ 16 ಲಕ್ಷದವರೆಗೆ. ಈ ಹಣ ಕ್ಯಾಂಪಾ ಎಂಬ ಪರಿಹಾರ ಅರಣ್ಯೀಕರಣ ನಿಧಿಗೆ ಹೋಗುತ್ತದೆ. 2016ರ ಕಾಯ್ದೆ ಪ್ರಕಾರ ಅದರಲ್ಲಿ ನೂರಕ್ಕೆ 90 ಪಾಲು ರಾಜ್ಯಕ್ಕೆ, 10 ಪಾಲು ಕೇಂದ್ರಕ್ಕೆ. ಸೊಪ್ಪು, ಜೇನು, ಉಪ್ಪಾಗೆ, ಮೇವು ಕಳೆದುಕೊಂಡ ಊರಿಗೆ ಇದರಲ್ಲಿ ಪಾಲು ಎಂದು ಬರೆದಿದೆಯಾ? ಇಲ್ಲ. ಸೇವೆ ಹೋದದ್ದು ಒಂದೂರಿನಲ್ಲಿ, ಗಿಡ ನೆಡುವುದು ಇನ್ನೊಂದೂರಿನ ಗೋಮಾಳದಲ್ಲಿ.

ಗಿಡ ನೆಟ್ಟವರಿಗೆ ಮಾರಬಹುದಾದ ಅಂಕ ಕೊಡುವ ಹಸಿರು ಕ್ರೆಡಿಟ್ ಎಂದು ಕೇಂದ್ರ 2023ರಲ್ಲಿ ತಂದದ್ದೂ ಇದೇ ದಾರಿ. 2024ರ ಫೆಬ್ರವರಿಯ ನಿಯಮದಲ್ಲಿ 'ಹಾಳಾದ' ಜಾಗದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಗಿಡ ಎಂದು ಇತ್ತು. ನಮ್ಮ ಕರಡದ ಬೇಣಗಳು (ಹುಲ್ಲುಗಾವಲುಗಳು) ಇವರ ಕಣ್ಣಿಗೆ ಹಾಳು ಜಾಗವೇ. ದನ ಎಲ್ಲಿ ಮೇಯಬೇಕು?

ಪಶ್ಚಿಮ ಘಟ್ಟದ ಬಗ್ಗೆ ಗಾಡ್ಗೀಳ್ ಸಮಿತಿ ಕೊಟ್ಟ 2011ರ ವರದಿಯನ್ನು ನಮ್ಮ ಕಡೆ ಓದದೆ ಬೈದವರೇ ಜಾಸ್ತಿ. ಅದರಲ್ಲಿ ಗ್ರಾಮಸಭೆಯೇ ತೀರ್ಮಾನಿಸಬೇಕು ಎಂದಿತ್ತು, ಕಾಡು, ದೇವರಬನ, ಮಣ್ಣು ಉಳಿಸಿದ ಜನರಿಗೆ ಸಂರಕ್ಷಣಾ ಸೇವಾ ಶುಲ್ಕ ಕೊಡಬೇಕು ಎಂದೂ ಇತ್ತು. ಆಮೇಲೆ ಬಂದ ಕಸ್ತೂರಿರಂಗನ್ ವರದಿ ಉಪಗ್ರಹ ಚಿತ್ರ ನೋಡಿ ಘಟ್ಟದ ನೂರಕ್ಕೆ ಸುಮಾರು 37 ಪಾಲನ್ನು ಸೂಕ್ಷ್ಮ ಪ್ರದೇಶ ಎಂದು ಗುರುತಿಸಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಊರಿನವರಿಗೆ ಸಿಕ್ಕಿದ್ದು ಹಳ್ಳಿಗಳ ಪಟ್ಟಿ, ಅದರಲ್ಲಿ ಏನು ಮಾಡಬಾರದು ಎಂಬುದಷ್ಟೇ. ಜನ ಹೆದರಿದರು. ವಯನಾಡಿನ ಭೂಕುಸಿತದ ಬೆನ್ನಿಗೆ 2024ರ ಜುಲೈ ಕೊನೆಯಲ್ಲಿ ಸೂಕ್ಷ್ಮ ಪ್ರದೇಶ ಘೋಷಿಸುವ ಕೇಂದ್ರದ ಆರನೇ ಕರಡು ಬಂತು, ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸಂಪುಟ ಬೇಡ ಎಂದಿತು. ಉಳಿಸಿದವರಿಗೆ ಕೊಡುವ ಮಾತು ಮೊದಲೇ ಜನರ ಕೈಗೆ ತಲುಪಿದ್ದರೆ ಇಷ್ಟು ವಿರೋಧ ಬರುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ.

ಲೆಕ್ಕದಪುಸ್ತಕ

ಹಾಡಿಮನೆ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಬೆಲೆಯೇ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಬೆಲೆ ಬರೆಯದಿದ್ದರೆ ಸರ್ಕಾರದ ಕಡತದಲ್ಲಿ ಕಾಡು ಸೊನ್ನೆ ಎಂದೇ ಕೂರುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. 14ನೇ ಹಣಕಾಸು ಆಯೋಗ ರಾಜ್ಯಗಳಿಗೆ ತೆರಿಗೆ ಹಂಚುವಾಗ ಕಾಡಿನ ವಿಸ್ತೀರ್ಣಕ್ಕೆ ನೂರಕ್ಕೆ 7.5 ಪಾಲು ತೂಕ ಕೊಟ್ಟಿತು, 15ನೇ ಆಯೋಗ ಅದನ್ನು 10ಕ್ಕೆ ಏರಿಸಿತು. ಇದು ಸಣ್ಣ ಮೊತ್ತ ಅಲ್ಲ. ಕರ್ನಾಟಕಕ್ಕೆ ಕಾಡಿನ ಹೆಸರಿನಲ್ಲಿ ದುಡ್ಡು ಬರುತ್ತಲೇ ಇದೆ. ಆದರೆ ಅದು ಬೊಕ್ಕಸಕ್ಕೆ ಬಂದು ಎಲ್ಲದರ ಜೊತೆ ಬೆರೆತುಹೋಗುತ್ತದೆ. ಕಾಡಿರುವ ತಾಲೂಕಿಗೆ, ಪಂಚಾಯಿತಿಗೆ ಇಷ್ಟು ಎಂದು ರಾಜ್ಯವೂ ಅದೇ ಲೆಕ್ಕದಲ್ಲಿ ಕೆಳಗೆ ಹಂಚಬಹುದು. ಶಿರಸಿಯವರು ಕಂಪನಿಯ ಹಿಂದೆ ಹೋಗುವ ಬದಲು ಕೇಳಬೇಕಾದ ಹಣ ಅದು.

ಹಾಡಿಮನೆ

ಪಂಚಾಯಿತಿಗೆ ಬರಲಿ ಎನ್ನುವುದಕ್ಕೆ ನನ್ನ ತಕರಾರು ಇಲ್ಲ. ಆದರೆ ಹಕ್ಕು ಮೊದಲು. ಕುಮಟಾದ ಹಳಕಾರ ನೋಡಿ, ಬ್ರಿಟಿಷರ ಕಾಲದಲ್ಲಿ ಊರವರ ಕೈಗೆ ಕೊಟ್ಟ ಗ್ರಾಮ ಅರಣ್ಯ ಅದು, ಊರವರೇ ಕಾವಲು ಇಟ್ಟು ಉಳಿಸಿದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿತು. ಹೆಸರು ಬರೆದ ಕಾಗದ ಕೈಯಲ್ಲಿದ್ದರೆ ದುಡ್ಡಿನ ಮಾತನ್ನು ಎದ್ದು ನಿಂತು ಮಾತಾಡಬಹುದು.

ಕಾವೇರಿ_ಬಿಲ್

ನಾನು ಬೆಂಗಳೂರಿನವಳು, ಮನೆಗೆ ಕಾವೇರಿ ನೀರು ಬರುತ್ತದೆ. 2024ರ ನವೆಂಬರಿನಲ್ಲಿ ಅರಣ್ಯ ಸಚಿವರು ಪಶ್ಚಿಮ ಘಟ್ಟದ ನದಿಗಳ ನೀರು ಬಳಸುವ ಊರುಗಳಲ್ಲಿ ನೀರಿನ ಬಿಲ್ಲಿಗೆ ಹಸಿರು ಸೆಸ್ ಹಾಕುವ ಪ್ರಸ್ತಾಪ ಇಟ್ಟಾಗ ನಮ್ಮ ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಬಹಳ ಜನ ಸಿಟ್ಟಾದರು. ನಾನು ಕೊಡಲು ಸಿದ್ಧ ಎಂದೆ. ಆದರೆ ಆ ದುಡ್ಡು ಕೊಡಗಿನಲ್ಲಿ ಯಾರ ಕೈಗೆ ಹೋಗುತ್ತದೆ ಎಂದು ಬಿಲ್ಲಿನಲ್ಲೇ ಬರೆಯಬೇಕು. ಇಷ್ಟು ಕೇಳುವುದು ಜಾಸ್ತಿ ಆಯಿತಾ?

ಮಳೆಲೆಕ್ಕ

ಜಾಸ್ತಿ ಅಲ್ಲ. ಅಷ್ಟೇ ಅಲ್ಲ, ಕೊಟ್ಟ ಮೇಲೆ ಮೇಲಿನ ಹಳ್ಳದಲ್ಲಿ ಏನು ಬದಲಾಯಿತು ಎಂಬ ವರದಿಯನ್ನೂ ಕೇಳಬೇಕು.

ಶಿರಸಿಯವರೇ, ನಿಮ್ಮ ನದಿಯ ಬಗ್ಗೆ ಒಂದು ಮಾತು. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಮೇಲೆ ಏನು ಮಾಡಿದರೂ ಅದು ನೇರ ಕೆಳಗೆ ಗೊತ್ತಾಗುತ್ತದೆ. ಅಳಿವೆಯಲ್ಲಿ ಸಿಹಿನೀರು ಉಪ್ಪುನೀರಿನ ಹದ ನೋಡಿಕೊಂಡೇ ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಕಗ್ಗ ಭತ್ತ, ಸಿಗಡಿ, ಬಳಚು (ಚಿಪ್ಪುಮೀನು) ಎಲ್ಲ ಬದುಕುತ್ತವೆ. ಬಳಚು ಹೆಕ್ಕಿ ಸಂಸಾರ ನಡೆಸುವ ಹೆಂಗಸರು ಅಲ್ಲಿ ಬಹಳ ಜನ. 2024ರ ಜನವರಿಯಲ್ಲಿ ಆ ಅಳಿವೆಯ 4,801 ಹೆಕ್ಟೇರ್ ರಾಮ್ಸರ್ ಎಂಬ ಅಂತಾರಾಷ್ಟ್ರೀಯ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಅಳಿವೆಗೆ ಗುರುತು ಸಿಕ್ಕಿದೆ, ಅದಕ್ಕೆ ನೀರು ಕಳಿಸುವ ಬೆಟ್ಟಗಳಿಗೆ ಸಿಕ್ಕಿಲ್ಲ. ಈ ಎರಡನ್ನೂ ಜೋಡಿಸಿ ಮಾತಾಡುವುದಕ್ಕೆ ಶಿರಸಿ, ಸಿದ್ದಾಪುರದ ಬೆಟ್ಟದವರಿಗೂ ಕುಮಟಾದ ಅಳಿವೆಯವರಿಗೂ ಒಂದು ವೇದಿಕೆ ಬೇಕು. ಇದು ಕಂಪನಿ ತರುವ ಇಂಗಾಲದ ಕಾಗದಕ್ಕಿಂತ ನಿಮಗೆ ಹತ್ತಿರದ್ದು.

ಸದ್ಯಕ್ಕೆ ನೀವೇ ಮಾಡಬಹುದಾದ ಕೆಲಸ ಇದೆ. ಬೆಟ್ಟದಿಂದ ಬರುವ ಅಬ್ಬಿಗೆ ದಂಬೆ (ನೀರು ಹಾಯಿಸುವ ದೋಣಿ) ಇಟ್ಟಿದ್ದೀರಲ್ಲ, ಅದರ ಕೆಳಗೆ ಒಂದು ಅಳತೆಯ ಕೊಡ ಇಟ್ಟು ತುಂಬಲು ಎಷ್ಟು ಸೆಕೆಂಡ್ ಬೇಕು ಎಂದು ವಾರಕ್ಕೊಮ್ಮೆ ಬರೆದಿಡಿ, ಡಿಸೆಂಬರಿನಿಂದ ಮೇವರೆಗೆ. ಚಿಕ್ಕಪ್ಪನವರ ಪರಿಚಯದಲ್ಲಿ ಬೆಟ್ಟ ತೆಗೆದು ಅಡಿಕೆ ಹಾಕಿದವರ ಹಳ್ಳದಲ್ಲೂ ಅದೇ ರೀತಿ ಬರೆದರೆ ಇನ್ನೂ ಒಳ್ಳೆಯದು. ಒಂದೇ ವರ್ಷದ ಲೆಕ್ಕ ಸಾಲದು, ಮಳೆ ವರ್ಷಕ್ಕೊಂದು ತರ ಇರುತ್ತದೆ. ಕೆಳಗಿನ ಬಡವಾದ ಅರ್ಧದಲ್ಲಿ ಮೊದಲು ದರಕು ಗುಡಿಸುವುದನ್ನು ಒಂದೆರಡು ಕಡೆ ಬಿಟ್ಟು ನೋಡಿ, ಇಂಗುಗುಂಡಿ ತೆಗೆಯುವುದು ಆಮೇಲೆ. ಮಣ್ಣು ಸಡಿಲಾದರೆ ಗುಂಡಿಯ ಅರ್ಧ ಕೆಲಸ ಅದೇ ಮಾಡುತ್ತದೆ.

ತೋಟಿಗ_ಶಿರಸಿ

ಎಲ್ಲರಿಗೂ ಧನ್ಯವಾದ, ಇಷ್ಟು ವಿವರ ಸಿಗುತ್ತದೆ ಎಂದುಕೊಂಡಿರಲಿಲ್ಲ. ಇದನ್ನೆಲ್ಲ ಅಪ್ಪನಿಗೂ ಚಿಕ್ಕಪ್ಪನಿಗೂ ಓದಿ ಹೇಳಿದೆ. ಚಿಕ್ಕಪ್ಪ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಪಕ್ಕದ ಊರಿನ ಹಳ್ಳದಲ್ಲಿ ಅಳತೆ ಮಾಡಲು ತಾನೇ ಬರುತ್ತೇನೆ ಎಂದಿದ್ದಾರೆ. ಕಂಪನಿಯವರ ಕಾಗದ ತರಿಸಿ ನೋಡಿದೆ, ಇಂಗ್ಲಿಷಿನಲ್ಲೇ ಇದೆ. ಸೊಪ್ಪು ಕಡಿಯಬಾರದು ಎಂದು ನೇರವಾಗಿ ಬರೆದಿಲ್ಲ, ಆದರೆ ಮರದ 'ಯಾವುದೇ ಭಾಗ' ತೆಗೆಯುವ ಮೊದಲು ಅವರ ಒಪ್ಪಿಗೆ ಬೇಕು ಎಂದಿದೆ. ಕೊಳ್ಳುವವರ ಹೆಸರು ಇಲ್ಲ. ಜಮೀನಿನ ಮಾಲೀಕ ಎಂಬ ಜಾಗದಲ್ಲಿ ನಮ್ಮ ಹೆಸರು ಹಾಕಲು ಖಾಲಿ ಬಿಟ್ಟಿದ್ದಾರೆ.

ಹಾಡಿಮನೆ

ಆ ಖಾಲಿ ಜಾಗದಲ್ಲಿ ಹೆಸರು ಬರೆಯಬೇಡಿ. ಮಾಲೀಕ ಎಂದು ಬರೆದರೆ ಅದು ಸುಳ್ಳು ಹೇಳಿಕೆ ಆಗುತ್ತದೆ, ಹೊಣೆ ನಿಮ್ಮ ಮೇಲೆ ಬರುತ್ತದೆ. ಈ ಕಾಗದದ ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಗ್ರಾಮ ಅರಣ್ಯ ಸಮಿತಿಗೂ ಕೊಟ್ಟು, ಗ್ರಾಮಸಭೆಯಲ್ಲಿ ಕಂಪನಿಯವರನ್ನು ಕರೆಸಿ ಮಾತಾಡಲಿ ಎಂದು ಅರ್ಜಿ ಬರೆಯಿರಿ. ಸ್ವೀಕೃತಿ ತೆಗೆದುಕೊಳ್ಳಿ. ಈಗಾಗಲೇ ಸಹಿ ಹಾಕಿದವರು ಊರಿನಲ್ಲಿ ಇದ್ದಾರಾ? ಇದ್ದರೆ ಅವರ ಕೈಯಲ್ಲಿ ಪ್ರತಿ ಇದೆಯಾ ಎಂದು ಇವತ್ತೇ ವಿಚಾರಿಸಿ.

ತೋಟಿಗ_ಶಿರಸಿ

ಮೂರು ಮನೆಯವರು ಹಾಕಿದ್ದಾರೆ. ಒಬ್ಬರ ಹತ್ತಿರವೂ ಪ್ರತಿ ಇಲ್ಲ. ನಾಳೆ ಅವರನ್ನು ಕರೆದುಕೊಂಡು ಪಂಚಾಯಿತಿಗೆ ಹೋಗುತ್ತೇನೆ. ಅರ್ಜಿಯ ಕರಡು ಇಲ್ಲೇ ಹಾಕುತ್ತೇನೆ, ತಪ್ಪಿದ್ದರೆ ತಿದ್ದಿ.